ತೆಲುಗು ಹೋಗಬಾರದು, ತೆಲುಗು ಬರಬಾರದು

ನಮ್ಮ ಸೋದರಮಾವನನ್ನು ಮದುವೆಯಾಗುವ ಗಂಡಾಂತರದಿಂದ ಕೂದಲೆಳೆಯಲ್ಲಿ ಪಾರಾದವಳು ನಾನು! ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವನ ಹೆಂಡತಿಯ ಮುಂದೆಯೇ ಹೇಳುತ್ತೇನೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ, ಗಂಡಾಂತರ ತನ್ನ ಕಡೆಗೆ ತಿರುಗಿದ್ದನ್ನು ನೆನೆಸಿಕೊಂಡಿರಬೇಕು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಅಕ್ಕನಿಗೆ ಹೆಣ್ಣು ಹುಟ್ಟಿತೆಂದರೆ ತಮ್ಮನಿಗೆ ಹೆಂಡತಿ ಸಿಕ್ಕಳು ಎಂದೇ ಅರ್ಥ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ ನಮ್ಮ ತಾತ ಆ ಮಾತು ಎತ್ತಿದರು. ನನ್ನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಹಿಪ್ಪುನೇರಳೆ ಗಿಡವನ್ನು 'ಸೊಪ್ಪು ಕುಯ್ಯಲಾ?' ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದ್ದು ಮಾವನನ್ನು. ಅವನು ಒಂದೇ ಮಾತಿನಲ್ಲಿ, "ಬ್ಯಾಡ. ಆ ಹುಡುಗಿ ಬಾಯಿ ಜೋರು. ನನ್ ಕೈಲಿ ಬಾಳಾಟ ಮಾಡಕ್ಕಾಗಲ್ಲ" ಎಂದುಬಿಟ್ಟನಂತೆ. ಮುಂದಿನ ವರ್ಷ ಚಿಂತಾಮಣಿಯಾಚೆ, ಗಡಿಯ ಹಳ್ಳಿಯೊಂದರಿಂದ ತೆಲುಗು ಮಾತಾಡುವ ಹುಡುಗಿಯನ್ನು ಮದುವೆಯಾಗಿ ಬಂದ.

ಅನ್ಯಾಯ ನೋಡಿ! ಬೇಡ ಎನ್ನುವ ಹಕ್ಕು ನನ್ನದಾಗಬೇಕಿತ್ತು. ಅವನು ಮೊದಲೇ ಹೇಳಿ ಅದನ್ನೂ ಕಸಿದುಕೊಂಡ. ಬಾಯಿ ಜೋರಿನ ಹುಡುಗಿ ಎಂದು ಹೆಸರು ಬಿದ್ದ ಮೇಲೆ ಬೇರೆ ಗಂಡುಗಳೂ ಬರಲಿಲ್ಲ. ಮನೆಯಲ್ಲಿ ಸುಮ್ಮನೆ ಇಟ್ಟುಕೊಂಡು ಏನು ಮಾಡುವುದು ಎಂದು ಕಾಲೇಜಿಗೆ ಕಳಿಸಿದರು. ಬೆಳಿಗ್ಗೆ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಬಸ್ಸಿಗೆ ಓಡಿ, ಬಸ್ಸಿನಲ್ಲಿ ನಿಂತೇ ಓದಿ ನಮ್ಮ ಮನೆತನದ ಮೊದಲನೆಯ ಡಿಗ್ರಿ ತೆಗೆದುಕೊಂಡವಳು ನಾನು. ನಮ್ಮಪ್ಪ ತನ್ನ ಹೆಸರು ಬರೆಯುವುದನ್ನು ಕಲಿತದ್ದೇ ನನ್ನ ಕಾಲೇಜಿನ ಅರ್ಜಿಗೆ ಸಹಿ ಹಾಕಲಿಕ್ಕೆ. ಈಗ ಗೌರಿಬಿದನೂರಿನಲ್ಲಿ ಹೈಸ್ಕೂಲ್ ಮೇಡಂ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಹೆಮ್ಮೆಯಿದೆ.

ನನಗಿಂತ ಹೆಚ್ಚಿನ ಹೆಮ್ಮೆ ಮಾವನಿಗೆ. ನಮ್ಮ ಕುಲದ ಯಾವ ಲಗ್ನಪತ್ರಿಕೆಯಲ್ಲಾದರೂ ನೋಡಿ, 'ತಮ್ಮ ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕ 'ಬಿ.ಎ., ಬಿ.ಎಡ್.' ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಒಂದು ಮದುವೆಯಲ್ಲಂತೂ ವರನ ಹೆಸರಿಗಿಂತ ನನ್ನ ಡಿಗ್ರಿ ದಪ್ಪವಾಗಿ ಬಂದು, ವರನ ಅಜ್ಜಿ "ಮದ್ವೆ ಯಾರ್ದವ್ವ?" ಎಂದು ನನ್ನನ್ನೇ ಕೇಳಿದರು.

ಪತ್ರಿಕೆಗಳೆಲ್ಲ ತಯಾರಾಗುವುದು ಮಾವನ ಅಂಗಡಿಯಲ್ಲಿ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿ, ಒಂದು ಟೀ ಅಂಗಡಿ, ಅದರ ಪಕ್ಕದಲ್ಲಿ ಇವನ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಬೆಂಚು. ಹಿಂದೆ ಇದೇ ಜಾಗದಲ್ಲಿ ಟೈಪಿಂಗ್ ಕಲಿಸುತ್ತಿದ್ದ. ಎಸ್ಸೆಸ್ಸೆಲ್ಸಿ ರಜೆಯಲ್ಲಿ ನಾನೂ ಬಂದು ಅವನ ಕನ್ನಡ ಟೈಪ್‌ರೈಟರ್ ಮುಂದೆ ಕುಳಿತು ಮನಸ್ಸಿಗೆ ಬಂದದ್ದನ್ನು ಕುಟ್ಟಿ ಎದ್ದು ಹೋಗುತ್ತಿದ್ದೆ. ಟೈಪ್‌ರೈಟರ್ ಹೋಯಿತು, ಕಂಪ್ಯೂಟರ್ ಬಂತು, ಮಾವನ ಕೈಗಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಅವನು ಟೈಪ್ ಮಾಡಲು ಕೂತರೆ ಪಕ್ಕದ ಅಂಗಡಿಯಲ್ಲಿ ಟೀ ತುಳುಕುತ್ತದೆ. ಸಾಲು ಮುಗಿದ ಕೂಡಲೇ, ಹಳೆಯ ಟೈಪ್‌ರೈಟರಿನ ಕಾಗದ ಹೊತ್ತ ಗಾಡಿಯನ್ನು ಮುಂದಿನ ಸಾಲಿಗೆ ತಳ್ಳುವ ಅಭ್ಯಾಸದಲ್ಲಿ, ಎಡಗೈ ತಾನಾಗಿ ಎದ್ದು ಮಾನಿಟರಿನ ಕೆನ್ನೆಗೆ ಫಟಾರನೆ ಒಂದು ಬಾರಿಸುತ್ತದೆ. ಈಗಿರುವುದು ಮೂರನೆಯ ಮಾನಿಟರು. ಅದೂ ಒಂದು ಕಡೆಗೆ ವಾಲಿದೆ.

ಮೌಸ್ ಕಂಡರೆ ಅವನಿಗಾಗದು. ಅದನ್ನು ಕರ್ಚೀಫು ಹೊದಿಸಿ ಮೇಜಿನ ಖಾನೆಯಲ್ಲಿ ಮಲಗಿಸಿದ್ದಾನೆ.

"ಯಾಕೆ ಮಾವ, ಅದಕ್ಕೇನು ಜ್ವರಾನಾ?"

"ದೇವ್ರು ಹತ್ತು ಬೆರಳು ಕೊಟ್ಟವ್ನೆ ಕಣಮ್ಮ. ಒಂದೇ ಬೆರಳಲ್ಲಿ ಕುಟುಕ್ತಾ ಕೂರಕ್ಕೆ ನಾನೇನು ಕೋಳೀನಾ?"

ಎಲ್ಲವೂ ಶಾರ್ಟ್‌ಕಟ್ಟಿನಲ್ಲೇ ಆಗಬೇಕು. ಶಾರ್ಟ್‌ಕಟ್ಟುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದಾನೆ. ಅದರಲ್ಲಿ ಮೂಲಮಂತ್ರ ಕಂಟ್ರೋಲ್ ಝಡ್, ಮಾಡಿದ ತಪ್ಪನ್ನು ಅಳಿಸಿ ಹಿಂದಿನಂತೆ ಮಾಡುವ ಮಂತ್ರ. ಅದನ್ನು ಅವನು ಕಂಪ್ಯೂಟರಿನ ಆಚೆಗೂ ಬಳಸುತ್ತಾನೆ. ನಂಟರ ಮದುವೆಯೊಂದರಲ್ಲಿ ಬಡಿಸುವವನು ಇವನ ಸಾರನ್ನದ ಮೇಲೆ ಪಾಯಸ ಸುರಿದುಬಿಟ್ಟ. ಮಾವ ಗಾಬರಿಯಲ್ಲಿ "ಏಯ್, ಕಂಟ್ರೋಲ್ ಝಡ್! ಕಂಟ್ರೋಲ್ ಝಡ್!" ಎಂದು ಕೂಗಿದ. ಬಡಿಸುವವನು ಅಡುಗೆಮನೆಗೆ ಓಡಿ ಹೋಗಿ, ಅಷ್ಟೇ ವೇಗದಲ್ಲಿ ಬಂದು ಕೈಮುಗಿದ: "ಅದು ಹಿಂದಿನ ಪಂಕ್ತಿಲೇ ಖಾಲಿ ಆಯ್ತಂತೆ ಸ್ವಾಮಿ."

ಹೀಗಿದ್ದ ಮಾವ ಈಗ್ಗೆ ಕೆಲವು ತಿಂಗಳ ಹಿಂದೆ ಫೋನ್ ಮಾಡಿದ.

"ಏನಮ್ಮ ಬಿ.ಎ., ಬಿ.ಎಡ್., ನಮ್ ಕಂಪ್ಯೂಟರಿಗೆ ತೆಲುಗು ಹಿಡ್ಕೊಂಡೈತೆ."

"ಹಿಡ್ಕೊಳ್ಳೋದು ಅಂದ್ರೆ?"

"ದೆವ್ವ ಹಿಡ್ಕೊಳ್ಳಲ್ವಾ? ಹಂಗೆ. ಕನ್ನಡದಲ್ಲಿ ಹೊಡೀತಾ ಇರ್ತೀನಿ, ನಡುವೆ ಅದೇ ತೆಲುಗಾಗ್ಬಿಡ್ತದೆ."

ಇದರಲ್ಲಿ ವಿಶೇಷವೇನು ಎಂದು ನನಗೆ ಅನ್ನಿಸಿತು. ನಮ್ಮ ಕಡೆಯ ಯಾವ ಮನುಷ್ಯ ತಾನೇ ಕನ್ನಡದಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲೇ ಮುಗಿಸುತ್ತಾನೆ? ಊಟಕ್ಕೆ ಕನ್ನಡದಲ್ಲಿ ಕರೆದು, ಬೈಯಲು ತೆಲುಗಿಗೆ ಹೋಗಿ, ಸಮಾಧಾನಕ್ಕೆ ಮತ್ತೆ ಕನ್ನಡಕ್ಕೆ ಬರುವವರು ನಾವು. ಇಷ್ಟು ವರ್ಷ ಶಿಡ್ಲಘಟ್ಟದಲ್ಲಿದ್ದ ಕಂಪ್ಯೂಟರ್ ಊರಿನ ಗುಣ ಕಲಿತಿತ್ತು, ಅಷ್ಟೆ!

ಆದರೆ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಆ ಕಂಪ್ಯೂಟರಿನಲ್ಲಿ ಇಂಗ್ಲಿಷ್, ಕನ್ನಡ, ತೆಲುಗು ಮೂರೂ ಇದ್ದವು. ಕೀಬೋರ್ಡಿನಲ್ಲಿ ಕನ್ನಡದ 'ಕ' ಯಾವ ಕೀಯಲ್ಲಿದೆಯೋ ತೆಲುಗಿನ 'ಕ' ಕೂಡ ಅದೇ ಕೀಯಲ್ಲಿ. ಹಾಗಾಗಿ ನಡುವೆ ಭಾಷೆ ಬದಲಾದರೂ ಬೆರಳಿಗೆ ಗೊತ್ತಾಗುವುದಿಲ್ಲ. ಕಣ್ಣಿಗೆ? ಎರಡೂ ಲಿಪಿಗಳು ಅಕ್ಕತಂಗಿಯರು. ವ್ಯತ್ಯಾಸ ಹೆಚ್ಚಾಗಿ ತಲೆಯಲ್ಲಿ. ಕನ್ನಡದ ಅಕ್ಷರ ತಲೆಗೆ ಪೇಟ ಸುತ್ತಿಕೊಂಡಿರುತ್ತದೆ. ತೆಲುಗಿನದು, ಮೇಷ್ಟರು ಉತ್ತರ ಸರಿಯೆಂದು ಹಾಕುವ ಗುರುತನ್ನು ನೆತ್ತಿಯ ಮೇಲೆ ಹಾಕಿಸಿಕೊಂಡಿರುತ್ತದೆ. ಎರಡನ್ನೂ ಓದಬಲ್ಲ ನಮ್ಮ ಜನಕ್ಕೆ ಎಲ್ಲಿ ಪೇಟ ಮುಗಿದು ಎಲ್ಲಿ ಗುರುತು ಶುರುವಾಯಿತೆಂದು ತಿಳಿಯುವುದೇ ಇಲ್ಲ. ಪ್ರೂಫ್ ನೋಡಿ "ಬೊಂಬಾಟ್" ಎಂದು ಹೇಳಿ ಹೋಗುತ್ತಾರೆ!

ಸಿಕ್ಕಿಬಿದ್ದದ್ದು ಮಂಡ್ಯದ ಬೀಗರ ಕೈಯಲ್ಲಿ. ನಂದಿ ಕಡೆಯ ಹುಡುಗಿ, ಮಂಡ್ಯದ ಹುಡುಗ. ಪತ್ರಿಕೆ ಹಂಚಿದ ಮೇಲೆ ಗಂಡಿನ ತಂದೆ ಅದನ್ನು ಹಿಡಿದುಕೊಂಡು ನೇರವಾಗಿ ಅಂಗಡಿಗೇ ಬಂದರು.

"ಏನ್ರೀ ಇದು? ನಮ್ ಹೈದನ ಹೆಸ್ರು ಕನ್ನಡದಲ್ಲಿ ಅದೆ. ಹೆಣ್ಣಿನ ಕಡೆಯೋರ ಹೆಸರಿಗೆ ಜಿಲೇಬಿ ಸುತ್ತಿದ್ದೀರಲ್ಲ! ನಮಗೆ ಸಾದಾ, ಅವರಿಗೆ ಸ್ಪೆಷಲ್ಲಾ?"

ಮಾವ ಪತ್ರಿಕೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಡಿಸೈನು ಸ್ವಾಮಿ" ಎಂದನಂತೆ. ಆ ಬೀಗರು ನಂಬಿದರೋ ಬಿಟ್ಟರೋ, ಮದುವೆಯಂತೂ ನಡೆಯಿತು.

ಎರಡನೆಯ ಸಲ ಡಿಸೈನು ಉಪಯೋಗಕ್ಕೆ ಬರಲಿಲ್ಲ. ಬೀದಿಯ ಹೆಂಗಸರ ಸ್ತ್ರೀಶಕ್ತಿ ಸಂಘದ ಕಾಗದಪತ್ರವೆಲ್ಲ ಮಾವನ ಅಂಗಡಿಯಲ್ಲೇ ಆಗುವುದು. ಅಂಗಡಿ ನಿಂತಿರುವುದೇ ಆ ಕೆಲಸದ ಮೇಲೆ. ನಮ್ಮತ್ತೆ ಕೂಡ ಆ ಸಂಘದವಳೇ. ಕೊನೆಯಲ್ಲಿ ಹದಿನಾಲ್ಕು ಜನರ ಸಹಿ, ಅತ್ತೆಯದೊಂದು ಹೆಬ್ಬೆಟ್ಟು. ಸಂಘದ ಅರ್ಜಿಯೊಂದು ಕಚೇರಿಯಿಂದ 'ಯಾವುದಾದರೂ ಒಂದು ಭಾಷೆಯಲ್ಲಿ ಬರೆಯತಕ್ಕದ್ದು' ಎಂದು ಷರಾ ಹೊತ್ತುಕೊಂಡು ವಾಪಸು ಬಂತು. ಅಧ್ಯಕ್ಷಮ್ಮ ಅಂಗಡಿಗೆ ಬಂದು ಬೆಂಚಿನ ಮೇಲೂ ಕೂರಲಿಲ್ಲ, ನಿಂತೇ ಹೇಳಿದರು.

"ನೋಡಣ್ಣ, ನಿನ್ ಮ್ಯಾಲೆ ಕ್ವಾಪ ಇಲ್ಲ. ಮುಂದಿನ ಶನಿವಾರ ನಮ್ ಹುಡುಗಿ ಲಗ್ನಪತ್ರಿಕೆ ಹೊಡೀಬೇಕು. ಅದ್ರಾಗೂ ಹಿಂಗೇ ಆದ್ರೆ ಸಂಘದ ಕೆಲ್ಸ ಎಲ್ಲಾ ಎದುರುಗಡೆ ಹೊಸ ಅಂಗಡಿಗೆ. ಆಮ್ಯಾಲೆ ನನ್ನ ಬೈಕೋಬ್ಯಾಡ."

ಮಾವನಿಗೆ ಬರುವುದು ಅದೊಂದೇ ಕೆಲಸ. ಮೂವತ್ತು ವರ್ಷದಿಂದ ಊರಿನ ಕಷ್ಟಸುಖವನ್ನೆಲ್ಲ ಕುಟ್ಟಿ ಕುಟ್ಟಿ ಕಾಗದಕ್ಕಿಳಿಸಿದವನು, ಆ ಅಂಗಡಿ ಮುಚ್ಚಿದರೆ ಆ ಹತ್ತು ಬೆರಳನ್ನು ಇಟ್ಟುಕೊಂಡು ಏನು ಮಾಡುತ್ತಾನೆ? ಫೋನಿನಲ್ಲಿ ಅವನ ದನಿ ಇಳಿದುಹೋಗಿತ್ತು. "ನೀನೇ ಬಂದು ನೋಡಮ್ಮ" ಎಂದ.

ಭಾನುವಾರ ಹೋದೆ. ಡಿಗ್ರಿ ಪಡೆದವಳಿಗೆ ಇದೊಂದು ಕೆಲಸವೇ! ಕೂರುತ್ತಲೇ ಹೇಳಿದೆ: "ತೆಲುಗು ತೆಗೆದುಹಾಕಿದ್ರೆ ಮುಗೀತು ಮಾವ. ಎರಡು ನಿಮಿಷ."

ಮಾವ ನನ್ನ ಕೈ ಹಿಡಿದುಕೊಂಡ. "ಅಯ್ಯಯ್ಯೋ! ಅದೊಂದು ಬ್ಯಾಡ. ತೆಲುಗು ಹೋಗ್ಬಾರ್ದು."

"ಮತ್ತೆ?"

"ತೆಲುಗು ಬರ್ಲೂಬಾರ್ದು."

"ಅದೆಂಗಾಗತ್ತೆ ಮಾವ? ನಾಯಿ ಮನೇಲಿರ್ಬೇಕು, ಬೊಗಳ್ಬಾರ್ದು ಅಂದಂಗೆ!"

"ಅದುಕ್ಕೇ ತಾನೆ ಓದ್ದೋರನ್ನ ಕರೆಸೋದು?"

ಯಾಕೆ ತೆಗೆಯಬಾರದೆಂದು ಕೇಳಿದ್ದಕ್ಕೆ ಅವನು ಕೊಟ್ಟ ಕಾರಣಗಳನ್ನು ಕೇಳಿ. ಚಿಂತಾಮಣಿ ಕಡೆಯ ಗಿರಾಕಿಗಳು ಬಂದರೆ? (ಕಂಪ್ಯೂಟರ್ ಬಂದ ಏಳು ವರ್ಷದಲ್ಲಿ ಒಬ್ಬರೂ ತೆಲುಗಿನಲ್ಲಿ ಮಾಡಿಸಿಲ್ಲ.) ತೆಲುಗು ತೆಗೆದರೆ ಕಂಪ್ಯೂಟರಿನ ಭಾರ ಒಂದೇ ಕಡೆಗೆ ವಾಲುತ್ತದೆ. (ವಾಲಿದ್ದು ಅವನ ಏಟಿಗೆ.) ಕಡೆಗೆ, ಹೆಂಡತಿಯ ತವರಿನ ಭಾಷೆಯನ್ನು ಹೊರಗೆ ಹಾಕಿದರೆ ಸಂಜೆ ಮನೆಯಲ್ಲಿ ಅನ್ನ ಸಿಗುವುದಿಲ್ಲ. ಅಷ್ಟರಲ್ಲಿ ಅತ್ತೆಯೇ ಊಟದ ಕ್ಯಾರಿಯರ್ ಹಿಡಿದು ಬಂದಳು. "ಏಮಯ್ಯೋ, ನನ್ನ ಮೇಲೆ ಯಾಕೆ ಹಾಕ್ತೀಯ?" ಎಂದು ಗದರಿದಳಾದರೂ, ನನ್ನ ಕೈ ಕೀಬೋರ್ಡಿನ ಮೇಲೆ ಇದ್ದದ್ದನ್ನು ಕಂಡು ಯಾಕೋ ಆಕೆಯ ಮುಖ ಸಣ್ಣಗಾಯಿತು. ನನ್ನ ಮಾತು ಕಟುವಾಯಿತೇನೋ ಎಂದುಕೊಂಡೆ. ಬಾಯಿ ಜೋರಲ್ಲವೇ!

ಆಗ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಕೀಬೋರ್ಡಿನ ಹದಿನೈದು ಇಪ್ಪತ್ತು ಕೀಗಳ ಮೇಲೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟುಗಳು. ಆಲ್ಟ್ ಮೇಲೊಂದು, ಶಿಫ್ಟ್ ಮೇಲೊಂದು, ಅಕ್ಷರಗಳ ನಡುವೆ ಅಲ್ಲೊಂದು ಇಲ್ಲೊಂದು.

"ಇದೇನು ಮಾವ?"

"ದೃಷ್ಟಿಬೊಟ್ಟು."

"ಶಿಫ್ಟಿಗೂ ದೃಷ್ಟಿಯಾಗ್ತದಾ?"

"ಎದುರುಗಡೆ ಅಂಗಡಿಯೋನು ಬರೋಬ್ಬರಿ ಆ ಕೀನೇ ನೋಡ್ತಾನೆ ಕಣಮ್ಮ!"

ಆ ದಿನ ನನ್ನಿಂದ ಏನೂ ಆಗಲಿಲ್ಲ. ಕನ್ನಡದಲ್ಲಿ ಎರಡು ಪುಟ ನಾನೇ ಟೈಪ್ ಮಾಡಿ ನೋಡಿದೆ, ಒಂದಕ್ಷರವೂ ತೆಲುಗಾಗಲಿಲ್ಲ. ಮಾವನನ್ನು ಕೂರಿಸಿ ಮಾಡಿಸಿದೆ, ಆಗಲೂ ಇಲ್ಲ. ಡಾಕ್ಟರ ಮುಂದೆ ನಿಂತ ಕೂಡಲೇ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. "ನಿನ್ ಡಿಗ್ರೀಗೆ ಹೆದರ್ಕೊಂಡೈತೆ" ಎಂದ ಮಾವ. ಮೇಷ್ಟರ ಬೆನ್ನ ಹಿಂದೆ ಮಾತ್ರ ತುಂಟತನ ಮಾಡುವ ಹುಡುಗರನ್ನು ದಿನಾ ನೋಡುವ ನನಗೆ ಅದು ನಿಜವೇ ಇರಬಹುದು ಎನ್ನಿಸಿತು. ಗೌರಿಬಿದನೂರಿಗೆ ಬಸ್ಸು ಹತ್ತಿ, ದಾರಿಯುದ್ದಕ್ಕೂ ನನ್ನ ಬಿ.ಎ.ಯನ್ನೂ ಬಿ.ಎಡ್ಡನ್ನೂ ಬೇರೆಬೇರೆಯಾಗಿ ಬೈದುಕೊಂಡೆ.

ಶನಿವಾರ ಬಂತು. ಅರ್ಧ ದಿನದ ಶಾಲೆ ಮುಗಿಸಿ ಓಡಿಹೋದೆ. ಅಧ್ಯಕ್ಷಮ್ಮ, ಜೊತೆಗೆ ಅವರ ಮೈದುನ, ಇಬ್ಬರೂ ಬೆಂಚಿನ ಮೇಲೆ ಕೂತು ಪತ್ರಿಕೆ ಹೇಳಿ ಬರೆಸುತ್ತಿದ್ದರು. ದೇವರ ಹೆಸರು, ಮುಹೂರ್ತ, ಛತ್ರ ಎಲ್ಲ ಶುದ್ಧ ಕನ್ನಡದಲ್ಲಿ ಬಂತು. ಮಾನಿಟರು ಹೊಡೆತ ತಿಂದು ತಿಂದು ಸುಮ್ಮನಿತ್ತು. ಆಮೇಲೆ ಶುರುವಾಯಿತು ನೋಡಿ, 'ತಮ್ಮ ಸುಖಾಗಮನ ಬಯಸುವವರು.'

ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರು ತಪ್ಪಾದರೆ ಜನ ಕ್ಷಮಿಸುತ್ತಾರೆ. ನಂಟರ ಹೆಸರು ಹಿಂದುಮುಂದಾದರೆ ಮೂರು ತಲೆಮಾರು ಮಾತು ಬಿಡುತ್ತಾರೆ.

"ಹುಡುಗಿ ಸೋದರಮಾವಂದು ಮೇಲುಕ್ ಹಾಕಣ್ಣ" ಎಂದರು ಅಧ್ಯಕ್ಷಮ್ಮ.

"ಅದೆಂಗೆ ಅತ್ತಿಗೆ? ನಮ್ ದೊಡ್ಡಪ್ಪ ಬದುಕವ್ರೆ, ಅವರ ಮ್ಯಾಲೆ ನಿನ್ ತಮ್ಮನ್ನ ಕೂರಿಸ್ತೀಯಾ?" ಎಂದ ಮೈದುನ.

"ಸೋದರಮಾವ ಇಲ್ದೆ ಹಸೆ ಮಣೆಗೆ ಕರ್ಕೊಂಡು ಬರೋರು ಯಾರು? ನಿಮ್ ದೊಡ್ಡಪ್ಪಾನಾ? ಅವರನ್ನೇ ಇಬ್ರು ಹಿಡ್ಕೊಂಡು ಬರ್ಬೇಕು."

ಒಂದು ಸಾಲನ್ನು ಹಾಗೇ ಎತ್ತಿ ಮೇಲಿನ ಸಾಲಿನ ತಲೆಯ ಮೇಲೆ ಕೂರಿಸುವುದಕ್ಕೆ ಮಾವನ ನೋಟ್‌ಬುಕ್ಕಿನಲ್ಲಿ ಒಂದು ಮಂತ್ರವಿದೆ. ಆಲ್ಟ್ ಮತ್ತು ಶಿಫ್ಟ್ ಎರಡನ್ನೂ ಒತ್ತಿ ಹಿಡಿದು, ಮೇಲ್ಮುಖ ಬಾಣದ ಕೀ ಒತ್ತುವುದು. ಮಾವನ ಎಡಗೈ ಎರಡು ಕೀಗಳನ್ನು ಒತ್ತಿ ಹಿಡಿಯಿತು. ಬಲಗೈಯ ಬೆರಳು ಬಾಣದ ಮೇಲೆ, ಗಾಳಿಯಲ್ಲಿ ನಿಂತಿತು.

"ಮೇಲುಕ್ಕಾ ಸ್ವಾಮಿ?"

"ಮೇಲುಕ್ಕೇ" ಎಂದರು ಅಧ್ಯಕ್ಷಮ್ಮ.

"ಬ್ಯಾಡ, ಅಲ್ಲೇ ಇರ್ಲಿ ಬಿಡಿ" ಎಂದ ಮೈದುನ.

"ಇರ್ಲಾ?"

"ಹೂಂ, ಇರ್ಲಿ. ಮನೇಲಿ ಜಗಳ ಯಾಕೆ" ಎಂದು ಅಧ್ಯಕ್ಷಮ್ಮ ಸೋತರು.

ಮಾವ ಬಾಣ ಒತ್ತದೆ ಎರಡೂ ಕೀ ಬಿಟ್ಟ. ಮುಂದಿನ ಸಾಲಿಗೆ ದೊಡ್ಡಪ್ಪನ ಮಗನ ಹೆಸರು ಹೊಡೆದ. ನಾನು ಮಾನಿಟರ್ ನೋಡಿದೆ. ದೊಡ್ಡಪ್ಪನವರ ಮಗ ಪೇಟ ಕಳಚಿ ನೆತ್ತಿಯ ಮೇಲೆ ಸರಿ ಗುರುತು ಹಾಕಿಕೊಂಡು ಕೂತಿದ್ದ!

ನಾನು ಎದ್ದು ನಿಂತುಬಿಟ್ಟೆ. ಆಲ್ಟ್, ಶಿಫ್ಟ್, ಬಾಣ ಮೂರನ್ನೂ ಒತ್ತಿದರೆ ಸಾಲು ಮೇಲಕ್ಕೆ ಹೋಗುತ್ತದೆ. ಬಾಣ ಒತ್ತದೆ ಆಲ್ಟ್, ಶಿಫ್ಟ್ ಎರಡನ್ನೇ ಒತ್ತಿ ಬಿಟ್ಟರೆ ಭಾಷೆ ಬದಲಾಗುತ್ತದೆ! ದೆವ್ವವೂ ಅಲ್ಲ, ದೃಷ್ಟಿಯೂ ಅಲ್ಲ. ಗಿರಾಕಿಗಳು ಮನಸ್ಸು ಬದಲಾಯಿಸಿದಾಗಲೆಲ್ಲ ಕಂಪ್ಯೂಟರ್ ಭಾಷೆ ಬದಲಾಯಿಸುತ್ತಿತ್ತು. ಭಾನುವಾರ ನಾವಿಬ್ಬರೇ ಟೈಪ್ ಮಾಡಿದಾಗ ಜಗಳವಾಡಲು ನಂಟರಿರಲಿಲ್ಲ, ಅದಕ್ಕೇ ಕಾಯಿಲೆ ಕಾಣಲಿಲ್ಲ.

"ಮಾವ, ಏಳು. ಎಲ್ರೂ ಟೀ ಕುಡ್ಕೊಂಡು ಬನ್ನಿ" ಎಂದೆ.

"ತೆಲುಗು..." ಎಂದ ಮಾವ.

"ತೆಗಿಯಲ್ಲ. ಆಣೆಗೂ ತೆಗಿಯಲ್ಲ."

ಖಾನೆಯಿಂದ ಮೌಸನ್ನು ಎಬ್ಬಿಸಿದೆ. ಸೆಟ್ಟಿಂಗ್ಸ್ ಒಳಗೆ ಭಾಷೆ, ಭಾಷೆಯ ಒಳಗೆ ಕೀಬೋರ್ಡು, ಅದರೊಳಗೆ ಇನ್ನೊಂದು ಕಿಟಕಿ, ಆ ಕಿಟಕಿಯೊಳಗೆ ಒಂದು ಸಣ್ಣ ಸಾಲು. ಭಾಷೆ ಬದಲಾಯಿಸುವ ಕೆಲಸವನ್ನು ಆಲ್ಟ್, ಶಿಫ್ಟ್ ಜೋಡಿಯಿಂದ ಬಿಡಿಸಿ 'ಯಾವುದಕ್ಕೂ ಇಲ್ಲ' ಎಂದು ಮಾಡಿ, ಕೆಟ್ಟ ಸಾಲನ್ನು ಕನ್ನಡದಲ್ಲಿ ಮತ್ತೆ ಹೊಡೆದೆ. ಮೂರು ತಿಂಗಳ ಕಾಟಕ್ಕೆ ಬೇಕಾಗಿದ್ದದ್ದು ಒಂದು ಚುಕ್ಕಿ ಬದಲಾವಣೆ.

ಟೀ ಕುಡಿದು ಬಂದವರು ಮತ್ತೆ ಸೋದರಮಾವನನ್ನು ಹತ್ತಿಸಿ, ಇಳಿಸಿ, 'ಬೇಡ ಬಿಡಿ' ಎಂದು, ಮತ್ತೆ ಹತ್ತಿಸಿದರು. ಭಾಷೆ ಅಲುಗಲಿಲ್ಲ. ದೊಡ್ಡಪ್ಪನವರೂ ಅವರ ಮಗನೂ ಕೊನೆಯವರೆಗೂ ಪೇಟದಲ್ಲೇ ಇದ್ದರು. ಅಧ್ಯಕ್ಷಮ್ಮ ಕನ್ನಡಕ ಹಾಕಿಕೊಂಡು ಒಂದೊಂದು ತಲೆಯನ್ನೂ ಬೆರಳಿಟ್ಟು ನೋಡಿದರು. "ಈಗ ಸರಿ ಹೋಯ್ತಣ್ಣ. ಎದುರಂಗಡಿ ಮಾತು ನಾನು ಆಡೇ ಇಲ್ಲ ಅಂದ್ಕೋ" ಎಂದರು. ಮಾವ "ನಮ್ ಹುಡುಗಿ ಸ್ವಾಮಿ, ಬಿ.ಎ., ಬಿ.ಎಡ್.!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಪ್ರಿಂಟಾದ ಹಾಳೆ ಹಿಡಿದುಕೊಂಡು ಅವರ ಜೊತೆಯಲ್ಲೇ ಪ್ರೆಸ್ಸಿಗೆ ಹೊರಟ.

ನಾನು ಅವನ ಕುರ್ಚಿಯಲ್ಲಿ ಕಾಲು ಚಾಚಿ ಕೂತು ನನ್ನ ಡಿಗ್ರಿಯನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಅತ್ತೆ ಕ್ಯಾರಿಯರ್ ತಂದಳು. ಅದನ್ನು ಇಳಿಸಿ, ನಿಂತಳು. ಬಾಗಿಲ ಕಡೆ ನೋಡಿದಳು. ನನ್ನ ಕಡೆ ನೋಡಿದಳು.

"ಅಮ್ಮಾಯಿ, ಒಂದು ಐದು ನಿಮಿಷ ಆ ಕುರ್ಚಿ ಕೊಡ್ತೀಯಾ?"

ಧೂಳು ಒರೆಸಲಿಕ್ಕಿರಬೇಕೆಂದು ಎದ್ದೆ. ಅತ್ತೆ ಕೂತಳು. ಕೈಯನ್ನು ಸೀರೆಗೆ ಒರೆಸಿಕೊಂಡು, ಎಡಗೈಯ ಎರಡು ಬೆರಳುಗಳನ್ನು ಎರಡು ಬೊಟ್ಟುಗಳ ಮೇಲೆ ಇಟ್ಟಳು. ಆಲ್ಟ್ ಮೇಲೊಂದು, ಶಿಫ್ಟ್ ಮೇಲೊಂದು. ಒತ್ತಿ ಬಿಟ್ಟಳು. ಆಮೇಲೆ ಬೊಟ್ಟಿನಿಂದ ಬೊಟ್ಟಿಗೆ, ಕೆಸರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವವಳಂತೆ, ಒಂದೊಂದೇ ಕೀ ಒತ್ತಿದಳು. ತಲೆಯೆತ್ತಿ ಮಾನಿಟರ್ ನೋಡಿದಳು. ಮತ್ತೆ ಎರಡು ಬೊಟ್ಟು ಒತ್ತಿದಳು. ಮತ್ತೆ ನೋಡಿದಳು.

"ನಾ ಅಕ್ಷರಾಲು ಎಕ್ಕಡ?" ಎಂದಳು. ನನ್ನ ಕಡೆ ತಿರುಗಿದಾಗ ಕಣ್ಣಲ್ಲಿ ನೀರಿತ್ತು. "ಅಮ್ಮಾಯಿ, ನನ್ ಅಕ್ಷರಗಳು ಎಲ್ಲೋದ್ವು?"

ತೆರೆಯ ಮೇಲೆ ಕನ್ನಡದಲ್ಲಿ ನಾಲ್ಕು ಅಕ್ಷರ ಮೂಡಿತ್ತು. ಆಕೆಯ ಹೆಸರು. ಆಕೆಗೆ ಅದು ಓದಲು ಬರುವುದಿಲ್ಲ.

ಬೆಂಚು ಎಳೆದುಕೊಂಡು ಪಕ್ಕದಲ್ಲಿ ಕೂತು, ಆಕೆ ಹೇಳಿದ್ದನ್ನೆಲ್ಲ ಕೇಳಿದೆ.

ಅತ್ತೆ ಮದುವೆಗೆ ಮುಂಚೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಇದೇ ಊರಿಗೆ ಬರುತ್ತಿದ್ದವಳು. ಗೂಡು ಕುದಿಯುವ ನೀರಿನಲ್ಲಿ ದಿನವಿಡೀ ಕೈ ಅದ್ದಿ, ಬೆರಳ ತುದಿಗಳು ಸತ್ತುಹೋಗಿವೆ. ಪೆನ್ಸಿಲ್ ಹಿಡಿದರೆ ಹಿಡಿದದ್ದೇ ತಿಳಿಯದೆ ಜಾರುತ್ತದೆ. ಕೀ ಆದರೆ ಹಿಡಿಯಬೇಕಾಗಿಲ್ಲ, ಒತ್ತಿದರೆ ಸಾಕು. ಬಾಯಲ್ಲಿರುವ ಭಾಷೆ ಮೊದಲು ಕೈಗೆ ಬರಲಿ ಎಂದು ಮಾವ ಮೂರು ತಿಂಗಳ ಹಿಂದೆ ಕಂಪ್ಯೂಟರಿಗೆ ತೆಲುಗು ಸೇರಿಸಿದನಂತೆ. "ಆಮ್ಯಾಲೆ ಕನ್ನಡ ಎಷ್ಟು ದೂರ? ತಲೆ ಮೇಲಿಂದು ಬದ್ಲಾಯಿಸಿದ್ರಾಯ್ತು" ಎಂದನಂತೆ. ಸಂಘದವರಿಗೆ ಗೊತ್ತಾದರೆ ನಗುತ್ತಾರೆಂದು ದಿನಾ ಊಟ ತಂದ ನೆಪದಲ್ಲಿ ಪಾಠ. ಮುಂದಿನ ಸಭೆಯಲ್ಲಿ ಹೆಬ್ಬೆಟ್ಟು ಒತ್ತಬಾರದೆಂದು ಹಟ.

ಮಾವನಿಗೆ ಮೊದಲೇ ಸುಳಿವಿತ್ತು! ಆ ಎರಡು ಕೀಗಳ ಮೇಲೆ ಅವನಿಗೆ ಅನುಮಾನವಿತ್ತು. ಅಂಗಡಿ ಹೋಗುವ ಹೊತ್ತು ಬಂದರೂ ಬಾಯಿ ಬಿಡದೆ ದೆವ್ವ, ದೃಷ್ಟಿ, ಡಿಸೈನು ಎಂದು ಸುಳ್ಳು ಹೇಳಿಕೊಂಡು ಕೂತಿದ್ದ.

"ಆಯನ, ನಿಮ್ ಮಾವ ಹೇಳಿದ ಸುಳ್ಳು ಇದೊಂದೇ ಅಲ್ಲಮ್ಮಾಯಿ" ಎಂದಳು ಅತ್ತೆ. "ನಿನ್ನ ಬಾಯಿಗೆ ಹೆದ್ರಿ ಮದ್ವೆ ಬೇಡ ಅಂದ್ರು ಅಂತ ಎಲ್ರಿಗೂ ಹೇಳ್ತೀಯಲ್ಲ. ರಜದಾಗೆ ಆಯನ ಮಿಷನ್ ಮೇಲೆ ನೀನು ಏನೋ ಹೊಡೆದಿದ್ಯಂತೆ. ಒಂದು ಕಾಗದ ತುಂಬ ಒಂದೇ ಮಾತು. ಕಾಗದ ಅಲ್ಲೇ ಬಿಟ್ಟು ಹೋದ್ಯಂತೆ. ಓದ್ಲಿ ಬಿಡಿ ಅಂದ್ರೆ ನಿಮ್ ತಾತ ಕೇಳ್ತಿರ್ಲಿಲ್ಲ. ಬಾಯಿ ಜೋರು ಅಂದಿದ್ದಕ್ಕೆ ಅನುಮಾನವೇ ಪಡ್ಲಿಲ್ಲ."

ನೆನಪಾಯಿತು. ಆ ಬೇಸಿಗೆಯಲ್ಲಿ ಮನೆಯಲ್ಲಿ ಯಾರಿಗೂ ಹೇಳಲಾಗದ ಒಂದು ಮಾತನ್ನು ನಾನು ಆ ಯಂತ್ರಕ್ಕೆ ಹೇಳಿದ್ದೆ. ಇಷ್ಟು ವರ್ಷ, ಅವನು ಬೇಡವೆಂದದ್ದರಿಂದ ನನಗೆ ಓದಲು ಸಿಕ್ಕಿತು ಎಂದುಕೊಂಡಿದ್ದೆ. ನಾನು ಓದಬೇಕೆಂದೇ ಅವನು ಬೇಡ ಎಂದಿದ್ದ.

ಆಲ್ಟ್, ಶಿಫ್ಟಿನಿಂದ ಬಿಡಿಸಿದರೂ ಭಾಷೆ ಬದಲಾಯಿಸಲು ಇನ್ನೊಂದು ದಾರಿ ಇದೆ. ಕಿಟಕಿಯ ಚಿತ್ರವಿರುವ ಕೀ ಮತ್ತು ಕೆಳಗಿನ ಉದ್ದ ಕೀ. ಮಾವನ ಯಾವ ಮಂತ್ರಕ್ಕೂ ಅದು ಅಡ್ಡ ಬರುವುದಿಲ್ಲ. ಹಳೆಯ ಬೊಟ್ಟನ್ನು ಕಿತ್ತರೆ ಅಂಟು ಒಣಗಿತ್ತು. ನನ್ನ ಹಣೆಯದನ್ನು ತೆಗೆದು ಆ ಕಿಟಕಿಯ ಮೇಲೆ ಅಂಟಿಸಿದೆ.

"ಇಲ್ಲಿ ಒತ್ತು ಅತ್ತೆ. ಇದು, ಇದು. ಎರಡೂ ಒಟ್ಟಿಗೆ."

ಒತ್ತಿದಳು. ನಿಧಾನವಾಗಿ, ಬೊಟ್ಟಿನಿಂದ ಬೊಟ್ಟಿಗೆ, ಒಂದು ಸಾಲು ಹೊಡೆದಳು. "ಆಯನ ನನಗೆ ಮೊದ್ಲು ಕಲಿಸಿದ್ದು ಇದೇ ಮಾತು. ನಿನ್ನ ಮಾತೇ" ಎಂದಳು. 'ನೇನು ಚದುವುಕೋವಾಲಿ.' ನಾನು ಓದಬೇಕು. ಅಕ್ಷರಗಳ ನೆತ್ತಿಯ ಮೇಲೆಲ್ಲ ಸರಿ ಗುರುತು. ತಿದ್ದಲು ಈ ಮೇಡಮ್ಮಿಗೆ ಏನೂ ಉಳಿದಿರಲಿಲ್ಲ.

ಮಾವ ವಾಪಸು ಬಂದ. ಕುರ್ಚಿಯಲ್ಲಿ ಅತ್ತೆ, ಪಕ್ಕದಲ್ಲಿ ನಾನು. ಅವನು ಸಾಲನ್ನು ನೋಡಿದ. ನನ್ನ ಬರೀ ಹಣೆ ನೋಡಿದ.

"ಏನಮ್ಮ ಬಿ.ಎ., ಬಿ.ಎಡ್., ಬೊಟ್ಟೆಲ್ಲಿ?"

"ಶಿಫ್ಟಿಗೆ ಮಾತ್ರ ದೃಷ್ಟಿ ತೆಗೆದ್ರೆ ಸಾಕಾ ಮಾವ?" ಎಂದೆ.

ಅವನ ಎಡಗೈ ತಾನಾಗಿ ಎದ್ದು, ಮಗುವಿನ ಕೆನ್ನೆ ತಟ್ಟುವ ಹಾಗೆ, ಮಾನಿಟರನ್ನು ಮೆಲ್ಲಗೆ ತಟ್ಟಿತು. ಸಾಲು ಮುಗಿದಿತ್ತಲ್ಲ.